ಒಡೆದ ಪಿಂಗಾಣಿ ತಟ್ಟೆಗೂ ಒಂದು ವಕ್ಫ್

ಹಿಜರಿ 726ರ, ಅಂದರೆ ಕ್ರಿ.ಶ. 1326ರ ರಮಝಾನ್ ತಿಂಗಳಲ್ಲಿ ಮೊರೊಕ್ಕೋದ ತರುಣ ಯಾತ್ರಿಕ ಇಬ್ನು ಬತೂತಾ ಡಮಾಸ್ಕಸ್ ನಗರವನ್ನು ತಲುಪಿದರು. ಆ ನಗರದ ಮಸೀದಿ, ತೋಟ, ವಿದ್ವಾಂಸರ ಕುರಿತು ಅವರು ಬಹಳಷ್ಟು ಬರೆದಿದ್ದಾರೆ. ಆದರೆ ಅವರ ಪ್ರವಾಸ ಕಥನದಲ್ಲಿ ಓದುಗನ ಮನಸ್ಸಿನಲ್ಲಿ ಉಳಿದುಬಿಡುವುದು ಒಂದು ಸಣ್ಣ ಗಲ್ಲಿಯಲ್ಲಿ ನಡೆದ ಘಟನೆ. ಗುಲಾಮ ಹುಡುಗನೊಬ್ಬ ಚೀನಾದ ಪಿಂಗಾಣಿ ತಟ್ಟೆಯನ್ನು ಹೊತ್ತು ಸಾಗುತ್ತಿದ್ದ. ಅದು ಕೈಜಾರಿ ಬಿದ್ದು ಚೂರಾಯಿತು. ಜನ ಸುತ್ತಲೂ ನೆರೆದರು. ಅವರಲ್ಲೊಬ್ಬರು, ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ವಕ್ಫ್ ನೋಡಿಕೊಳ್ಳುವ ಮುತವಲ್ಲಿಯ ಬಳಿಗೆ ಹೋಗೆಂದು ಹುಡುಗನಿಗೆ ಹೇಳಿ, ತಾವೇ ಅವನ ಜೊತೆಗೂ ಹೋದರು. ಮುತವಲ್ಲಿ ಚೂರುಗಳನ್ನು ನೋಡಿ ಅಂಥದೇ ಇನ್ನೊಂದು ತಟ್ಟೆ ಕೊಳ್ಳಲು ಸಾಕಾಗುವಷ್ಟು ಹಣವನ್ನು ಅವನ ಕೈಗಿಟ್ಟರು. ಈ ಏರ್ಪಾಡು ಇಲ್ಲದಿದ್ದರೆ ಯಜಮಾನ ಆ ಹುಡುಗನನ್ನು ಹೊಡೆಯುತ್ತಿದ್ದ, ಕಡೇಪಕ್ಷ ಗದರಿಸುತ್ತಿದ್ದ, ಮಗುವಿನ ಮನಸ್ಸು ಮುರಿಯುತ್ತಿತ್ತು ಎಂದು ಇಬ್ನು ಬತೂತಾ ಬರೆಯುತ್ತಾರೆ.

ಅದೇ ಪುಟಗಳಲ್ಲಿ ಅವರು ಡಮಾಸ್ಕಸ್‌ನ ಇತರ ವಕ್ಫ್‌ಗಳನ್ನೂ ಹೆಸರಿಸುತ್ತಾರೆ. ಹಜ್ಜ್‌ಗೆ ಹೋಗಲಾರದವರ ಪರವಾಗಿ ಇನ್ನೊಬ್ಬರನ್ನು ಕಳುಹಿಸಲು ಒಂದು, ಮದುವೆಯ ಉಡುಗೆ ತೊಡುಗೆಗೆ ಗತಿಯಿಲ್ಲದ ಹೆಣ್ಣುಮಕ್ಕಳಿಗಾಗಿ ಒಂದು, ಸೆರೆಯಾಳುಗಳ ಬಿಡುಗಡೆಗೆ ಒಂದು, ಊರು ಸೇರಲು ಹಣವಿಲ್ಲದ ಪ್ರಯಾಣಿಕರ ಊಟ, ಬಟ್ಟೆ, ಬಾಡಿಗೆಗೆ ಒಂದು. ಬೀದಿಯ ಎರಡೂ ಬದಿಯಲ್ಲಿ ಕಾಲ್ನಡಿಗೆಯವರು ನಡೆಯುವ ಹಾಸುಗಲ್ಲಿನ ದಾರಿಗೂ ಒಂದು ವಕ್ಫ್ ಇತ್ತು. ಅವುಗಳನ್ನು ಎಣಿಸಿ ಮುಗಿಸಲಾಗದೆಂದು ಅವರು ಕೈಬಿಡುತ್ತಾರೆ.

ಈ ಪ್ರಸಂಗವನ್ನು ನಮ್ಮ ಭಾಷಣಗಳಲ್ಲಿ ಹೆಮ್ಮೆಯಿಂದ ಉಲ್ಲೇಖಿಸುವುದುಂಟು. ಹೆಮ್ಮೆಪಡುವ ಮುನ್ನ ಆ ಮಗು ಗುಲಾಮನಾಗಿದ್ದನೆಂಬುದನ್ನೂ ನೆನೆಯಬೇಕು. ಆ ವಕ್ಫ್ ಅವನನ್ನು ಹೊಡೆತದಿಂದ ಉಳಿಸಿತು, ಗುಲಾಮಗಿರಿಯಿಂದ ಉಳಿಸಲಿಲ್ಲ. ಆದರೂ ಯಾರೋ ಒಬ್ಬ ವ್ಯಕ್ತಿ, ತನ್ನ ಸಂಪತ್ತನ್ನು ಅಲ್ಲಾಹನ ಮಾರ್ಗದಲ್ಲಿ ಮುಡಿಪಿಡುವಾಗ, ತಟ್ಟೆ ಒಡೆದು ನಡುಗುತ್ತ ನಿಂತ ಒಬ್ಬ ಆಳಿನ ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡಿದ್ದ. ಅಷ್ಟೇ ಅಲ್ಲ, ಅದನ್ನು ಬರೆದಿಟ್ಟ. ಹಾಗೆ ಬರೆದಿಟ್ಟದ್ದರಿಂದಲೇ ಆ ಹುಡುಗ ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ. ಅವನು ಹೋದದ್ದು ತನಗೆ ಸಲ್ಲಬೇಕಾದುದನ್ನು ಪಡೆಯಲು.

ಈ ಭಾವನೆಯ ಬೇರು ಪವಿತ್ರ ಕುರ್‌ಆನ್‌ನಲ್ಲಿದೆ. ಅದ್ದಾರಿಯಾತ್ ಮತ್ತು ಅಲ್‌ಮಆರಿಜ್ ಅಧ್ಯಾಯಗಳು ಸಜ್ಜನರನ್ನು ವರ್ಣಿಸುವಾಗ ಅವರ ಸಂಪತ್ತಿನಲ್ಲಿ ಬೇಡುವವನಿಗೂ ಬೇಡದೆ ವಂಚಿತನಾದವನಿಗೂ ಹಕ್ಕಿದೆಯೆಂದು ಹೇಳುತ್ತವೆ. ಎರಡನೆಯ ಕಡೆ ಆ ಹಕ್ಕು ನಿಗದಿತವಾದುದೆಂಬ ವಿಶೇಷಣವೂ ಇದೆ. ಅಲ್‌ಬಕರ ಅಧ್ಯಾಯ, ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವನನ್ನು ನೋಯಿಸಿ ತಮ್ಮ ದಾನವನ್ನು ನಿಷ್ಫಲಗೊಳಿಸಬೇಡಿರೆಂದು ವಿಶ್ವಾಸಿಗಳನ್ನು ಎಚ್ಚರಿಸುತ್ತದೆ. ಹಕ್ಕೆಂಬ ಪದವನ್ನು ನಾವು ಓದಿ ಮುಂದೆ ಸಾಗುತ್ತೇವೆ. ಆದರೆ ಆರಂಭದ ಪೀಳಿಗೆಗಳು ಅದನ್ನು ಅಕ್ಷರಶಃ ತೆಗೆದುಕೊಂಡವು. ಹಕ್ಕೆಂದ ಮೇಲೆ ಅದಕ್ಕೆ ಪಟ್ಟಿ ಬೇಕು, ಲೆಕ್ಕ ಬೇಕು, ಕೊಡುವವನ ಮನಸ್ಸು ಬದಲಾದರೂ ನಿಲ್ಲದಂಥ ವ್ಯವಸ್ಥೆ ಬೇಕು.

ಮದೀನಾದಲ್ಲಿ ಅದು ಆರಂಭವಾದದ್ದು ಒಂದು ಚಪ್ಪರದ ಕೆಳಗೆ. ಮಕ್ಕಾದಿಂದ ಮನೆಮಠ ತೊರೆದು ಬಂದವರಲ್ಲಿ ಹಲವರಿಗೆ ಅನ್ಸಾರರ ಮನೆಗಳಲ್ಲಿ ಆಶ್ರಯ ದೊರೆಯಿತು. ಬಂಧುಬಳಗವಿಲ್ಲದವರಿಗೆ ಮಸ್ಜಿದುನ್ನಬವಿಯ ಹಿಂಭಾಗದ ನೆರಳಿನ ಜಗಲಿಯೇ ಮನೆಯಾಯಿತು. ಅದೇ ಸುಫ್ಫಾ. ಇಬ್ಬರಿಗೆ ಸಾಕಾಗುವಷ್ಟು ಊಟ ಇರುವವನು ಮೂರನೆಯವನನ್ನು ಮನೆಗೆ ಕರೆದೊಯ್ಯಲಿ ಎಂದು ಪ್ರವಾದಿ ಮುಹಮ್ಮದ್(ಸ)ರು ಸೂಚಿಸಿದರು. ಅಂದು ಅಬೂಬಕ್ಕರ್(ರ)ರು ಮೂವರನ್ನು ಕರೆದೊಯ್ದರೆ ಪ್ರವಾದಿವರ್ಯರು(ಸ) ಹತ್ತು ಮಂದಿಯನ್ನು ಕರೆದೊಯ್ದರೆಂದು ಬುಖಾರಿಯ ವರದಿಯಲ್ಲಿದೆ.

ಸುಫ್ಫಾದ ನಿವಾಸಿಗಳಲ್ಲಿ ಒಬ್ಬರಾಗಿದ್ದ ಅಬೂ ಹುರೈರಾ(ರ)ರು ತಮ್ಮ ಒಂದು ದಿನದ ಹಸಿವನ್ನು ವಿವರಿಸಿದ್ದಾರೆ. ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ಅವರು ಜನ ಓಡಾಡುವ ದಾರಿಯಲ್ಲಿ ಕುಳಿತಿದ್ದರು. ಅಬೂಬಕ್ಕರ್(ರ)ರು ಬಂದಾಗ ಕುರ್‌ಆನ್‌ನ ಒಂದು ಸೂಕ್ತದ ಬಗ್ಗೆ ಕೇಳಿದರು. ಸೂಕ್ತದ ಅರ್ಥ ಅವರಿಗೆ ಬೇಕಿರಲಿಲ್ಲ, ಊಟಕ್ಕೆ ಕರೆದಾರೇನೋ ಎಂಬ ಆಸೆ. ಅಬೂಬಕ್ಕರ್(ರ)ರು ಉತ್ತರಿಸಿ ಮುಂದೆ ಹೋದರು. ಉಮರ್(ರ)ರ ವಿಷಯದಲ್ಲೂ ಹಾಗೆಯೇ ಆಯಿತು. ಆಮೇಲೆ ಬಂದ ಪ್ರವಾದಿವರ್ಯರು(ಸ) ಅವರ ಮುಖ ನೋಡಿ ಮುಗುಳ್ನಕ್ಕು, ಏನೂ ಹೇಳಿಸಿಕೊಳ್ಳದೆ ಮನೆಗೆ ಕರೆದೊಯ್ದರು. ಅಲ್ಲಿ ಯಾರೋ ಉಡುಗೊರೆಯಾಗಿ ಕಳುಹಿಸಿದ ಒಂದು ಬಟ್ಟಲು ಹಾಲಿತ್ತು. ಸುಫ್ಫಾದವರೆಲ್ಲರನ್ನೂ ಕರೆತರಲು ಹೇಳಿದಾಗ, ಇಷ್ಟು ಹಾಲು ಅಷ್ಟು ಮಂದಿಗೆ ಎಲ್ಲಿ ಸಾಕಾದೀತೆಂದು ಅಬೂ ಹುರೈರಾ(ರ)ರಿಗೆ ಮನಸ್ಸಿನಲ್ಲೇ ಬೇಸರವಾಯಿತಂತೆ. ಬಡಿಸುವ ಕೆಲಸವೂ ಅವರದೇ. ಎಲ್ಲರೂ ಕುಡಿದ ಮೇಲೆ ಅವರ ಸರದಿ ಬಂತು. ಹೊಟ್ಟೆಯಲ್ಲಿ ಇನ್ನು ಜಾಗವಿಲ್ಲವೆನ್ನುವ ತನಕ ಅವರಿಗೆ ಕುಡಿಸಿದರು. ಉಳಿದುದನ್ನು ಕೊನೆಯಲ್ಲಿ ಪ್ರವಾದಿವರ್ಯರು(ಸ) ಕುಡಿದರು.

ಇಬ್ಬರು ಮಹಾನ್ ಸಹಾಬಿಗಳು ಗುರುತಿಸದೇ ಹೋದ ಹಸಿವು ಅದು. ಅವರ ಔದಾರ್ಯದಲ್ಲಿ ಕೊರತೆಯಿರಲಿಲ್ಲ. ಮಾನವಂತನ ಹಸಿವು ಹೊರಗೆ ಕಾಣಿಸುವುದಿಲ್ಲ, ಅಷ್ಟೆ. ಅಲ್‌ಬಕರ ಅಧ್ಯಾಯದಲ್ಲಿ, ಯಾಚಿಸದ ಕಾರಣಕ್ಕೆ ಅರಿಯದವರಿಂದ ಸ್ಥಿತಿವಂತರೆಂದು ಭಾವಿಸಲ್ಪಡುವ ಬಡವರ ಪ್ರಸ್ತಾಪವಿದೆ. ಅನೇಕ ವ್ಯಾಖ್ಯಾನಕಾರರು ಅದನ್ನು ಸುಫ್ಫಾದವರೊಂದಿಗೆ ಜೋಡಿಸಿದ್ದಾರೆ.

ಎರಡನೆಯ ಖಲೀಫಾ ಉಮರ್(ರ)ರ ಕಾಲಕ್ಕೆ ಬೈತುಲ್‌ಮಾಲ್‌ಗೆ ದೊಡ್ಡ ಮೊತ್ತ ಬರತೊಡಗಿತು. ಹೆಸರು ಬರೆದು ಭತ್ಯೆ ನೀಡುವ ದೀವಾನ್ ವ್ಯವಸ್ಥೆ ಜಾರಿಗೆ ಬಂತು. ಆ ವ್ಯವಸ್ಥೆಯ ಒಂದು ಲೋಪ ಹೇಗೆ ಬಯಲಾಯಿತೆಂಬುದನ್ನು ಇಬ್ನು ಸಅದ್ ದಾಖಲಿಸಿದ್ದಾರೆ. ವ್ಯಾಪಾರಿಗಳ ತಂಡವೊಂದು ಮದೀನಾದ ಹೊರವಲಯದಲ್ಲಿ ಬೀಡುಬಿಟ್ಟಿತ್ತು. ಖಲೀಫರು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರೊಂದಿಗೆ ರಾತ್ರಿ ಕಾವಲಿಗೆ ಹೋದಾಗ ಮಗುವೊಂದು ಮತ್ತೆ ಮತ್ತೆ ಅಳುವುದು ಕೇಳಿಸಿತು. ವಿಚಾರಿಸಿದರೆ ತಾಯಿ ಎದೆಹಾಲು ಬಿಡಿಸಲು ಯತ್ನಿಸುತ್ತಿದ್ದಳು. ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕೇ ಈ ಅವಸರ ಎಂದಳು. ತನ್ನ ಮುಂದಿರುವವರು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಅಂದಿನ ಫಜ್ರ್ ನಮಾಝ್‌ನಲ್ಲಿ ಅಳುವಿನಿಂದಾಗಿ ಖಲೀಫರ ಪಾರಾಯಣ ಜನರಿಗೆ ಸ್ಪಷ್ಟವಾಗಲಿಲ್ಲ. ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಉಂಟು, ಹಾಲು ಬಿಡಿಸಲು ಆತುರಪಡಬೇಡಿರಿ ಎಂದು ಬೆಳಿಗ್ಗೆಯೇ ಸಾರಿಸಿದರು. ಎಲ್ಲ ಪ್ರಾಂತಗಳಿಗೂ ಆಜ್ಞೆ ಹೋಯಿತು. ಸದುದ್ದೇಶದ ನಿಯಮವೂ ಫಲಾನುಭವಿಯ ಮನೆಯೊಳಗೆ ಹೇಗೆ ತಿರುಗುಮುರುಗಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ಪ್ರಸಂಗ ಇಮಾಮ್ ಅಬೂ ಯೂಸುಫ್‌ರ ಕಿತಾಬುಲ್ ಖರಾಜ್‌ನಲ್ಲಿದೆ. ಬಾಗಿಲಲ್ಲಿ ನಿಂತು ಭಿಕ್ಷೆ ಬೇಡುತ್ತಿದ್ದ ದೃಷ್ಟಿಹೀನ ವೃದ್ಧನೊಬ್ಬನನ್ನು ಉಮರ್(ರ)ರು ಕಂಡರು. ಅವನು ಯಹೂದಿ. ಜಿಝಿಯಾ ತೆರಿಗೆ, ಬಡತನ ಮತ್ತು ಮುಪ್ಪು ತನ್ನನ್ನು ಈ ಸ್ಥಿತಿಗೆ ತಂದವೆಂದ. ಖಲೀಫರು ಕೈಹಿಡಿದು ಮನೆಗೆ ಕರೆದೊಯ್ದು, ಇದ್ದುದನ್ನು ಕೊಟ್ಟು, ಬಳಿಕ ಬೈತುಲ್‌ಮಾಲ್‌ನ ಅಧಿಕಾರಿಗೆ ಹೇಳಿ ಕಳುಹಿಸಿದರು: ಯೌವನದಲ್ಲಿ ಇವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಟ್ಟರೆ ನಾವು ಇವನಿಗೆ ನ್ಯಾಯ ಸಲ್ಲಿಸಿದಂತಾಗದು. ಅವನಿಗೂ ಅವನಂಥವರಿಗೂ ತೆರಿಗೆ ಮನ್ನಾ ಆಯಿತು. ಅತ್ತೌಬಾ ಅಧ್ಯಾಯ ಹೇಳುವ ಝಕಾತ್‌ನ ಎಂಟು ವಿಭಾಗಗಳಲ್ಲಿನ ಮಿಸ್ಕೀನರಲ್ಲಿ ಈತನೂ ಸೇರುತ್ತಾನೆಂದು ಅವರು ಅಭಿಪ್ರಾಯಪಟ್ಟರು. ಮುಸ್ಲಿಮೇತರರಿಗೆ ಝಕಾತ್ ಸಲ್ಲುತ್ತದೆಯೇ ಎಂಬುದರಲ್ಲಿ ನಂತರದ ಫಿಕ್‌ಹ್ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ, ಬಹುಪಾಲು ಮಂದಿ ಒಪ್ಪುವುದಿಲ್ಲ. ಆದರೆ ಸದಕಾ ಮತ್ತು ವಕ್ಫ್‌ನ ಬಾಗಿಲು ಎಲ್ಲರಿಗೂ ತೆರೆದಿದೆಯೆಂಬುದರಲ್ಲಿ ವಿವಾದವಿಲ್ಲ.

ವಕ್ಫ್‌ನ ಮಾದರಿಯೂ ಉಮರ್(ರ)ರಿಂದಲೇ ಬಂದುದು. ಖೈಬರ್‌ನಲ್ಲಿ ಅವರಿಗೊಂದು ಭೂಮಿ ದೊರೆತಿತ್ತು. ಅಷ್ಟು ಬೆಲೆಬಾಳುವ ಆಸ್ತಿ ತಮಗೆ ಎಂದೂ ದೊರೆತಿರಲಿಲ್ಲ, ಏನು ಮಾಡಲಿ ಎಂದು ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಮೂಲವನ್ನು ಹಾಗೆಯೇ ಉಳಿಸಿ ಫಲವನ್ನು ದಾನ ಮಾಡುವ ಸಲಹೆ ದೊರೆಯಿತು. ಅದರಂತೆ ಆ ಭೂಮಿಯನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ಅದು ವಾರಸುದಾರರಿಗೆ ಹೋಗುವಂತಿಲ್ಲ. ಅದರ ಉತ್ಪತ್ತಿ ಬಡವರಿಗೆ, ಬಂಧುಗಳಿಗೆ, ಗುಲಾಮರ ವಿಮೋಚನೆಗೆ, ಅಲ್ಲಾಹನ ಮಾರ್ಗಕ್ಕೆ, ಪ್ರಯಾಣಿಕರಿಗೆ, ಅತಿಥಿಗಳಿಗೆ ಸಲ್ಲಬೇಕು. ನೋಡಿಕೊಳ್ಳುವವನು ಅದರಿಂದ ನ್ಯಾಯವಾದ ರೀತಿಯಲ್ಲಿ ಉಣ್ಣಬಹುದು, ಕೂಡಿಟ್ಟುಕೊಳ್ಳಬಾರದು. ಒಂದು ಸಂಸ್ಥೆಗೆ ಬೇಕಾದುದೆಲ್ಲ ಈ ನಾಲ್ಕಾರು ಷರತ್ತುಗಳಲ್ಲಿದೆ.

ಮುಂದಿನ ಶತಮಾನಗಳಲ್ಲಿ ಈ ಬೀಜ ಎಲ್ಲೆಲ್ಲೋ ಮೊಳೆಯಿತು. ಉಮವಿ ಖಲೀಫಾ ವಲೀದ್ (705-715) ಕುಷ್ಠರೋಗಿಗಳು ಭಿಕ್ಷೆ ಬೇಡದಂತೆ ಅವರಿಗೆ ಭತ್ಯೆ ನಿಗದಿಪಡಿಸಿ, ನಡೆಯಲಾರದವರಿಗೆ ಒಬ್ಬ ಸೇವಕನನ್ನೂ ಕುರುಡರಿಗೆ ಒಬ್ಬ ಕೈಹಿಡಿದು ನಡೆಸುವವನನ್ನೂ ಕೊಟ್ಟನೆಂದು ಇತಿಹಾಸಕಾರರು ಬರೆದಿದ್ದಾರೆ. ಡಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್ ಝಂಗಿ ಕಟ್ಟಿಸಿದ ಬೀಮಾರಿಸ್ತಾನ್ ಅಂದರೆ ಆಸ್ಪತ್ರೆಯನ್ನು ಅಂದಲೂಸಿಯಾದ ಯಾತ್ರಿಕ ಇಬ್ನು ಜುಬೈರ್ 1184ರಲ್ಲಿ ಕಂಡರು. ಅವರು ಮೊದಲು ಗಮನಿಸಿದ್ದು ದಫ್ತರವನ್ನು. ರೋಗಿಗಳ ಹೆಸರು, ಪ್ರತಿಯೊಬ್ಬರ ಔಷಧಿ ಮತ್ತು ಆಹಾರಕ್ಕೆ ತಗಲುವ ವೆಚ್ಚ ಅದರಲ್ಲಿ ಬರೆಯಲ್ಪಡುತ್ತಿತ್ತು. ವೈದ್ಯರು ದಿನವೂ ಬೆಳಿಗ್ಗೆ ಬಂದು ರೋಗಿಗಳನ್ನು ನೋಡಿ, ಯಾರಿಗೆ ಏನು ಕೊಡಬೇಕೆಂದು ಆದೇಶಿಸುತ್ತಿದ್ದರು.

ಈ ಆಸ್ಪತ್ರೆಯ ಔಷಧಿಯಿಂದ ಗುಣಮುಖನಾದ ಒಬ್ಬ ಸೇನಾನಿಯ ಹೆಸರು ಕಲಾವೂನ್. ತಾನು ಎಂದಾದರೂ ಅಧಿಕಾರಕ್ಕೆ ಬಂದರೆ ಇಂಥದೇ ಆಸ್ಪತ್ರೆ ಕಟ್ಟುವೆನೆಂದು ಅಂದೇ ಹರಕೆ ಹೊತ್ತನೆಂದು ಹೇಳಲಾಗುತ್ತದೆ. 1279ರಲ್ಲಿ ಈಜಿಪ್ಟಿನ ಸುಲ್ತಾನನಾದ. 1284-85ರಲ್ಲಿ ಕೈರೋದಲ್ಲಿ ಮನ್ಸೂರಿ ಬೀಮಾರಿಸ್ತಾನ್ ಎದ್ದಿತು.

ಅದರ ವಕ್ಫ್‌ನಾಮೆ ಇಂದಿಗೂ ಲಭ್ಯವಿದೆ. ಗಂಡು-ಹೆಣ್ಣು, ಧನಿಕ-ಬಡವ, ಊರಿನವ-ಪರದೇಶಿ ಎಂಬ ಭೇದವಿಲ್ಲದೆ ಎಲ್ಲರನ್ನೂ ದಾಖಲಿಸಿಕೊಳ್ಳಬೇಕು, ಗುಣವಾಗುವ ತನಕ ಇರಿಸಿಕೊಳ್ಳಬೇಕು ಎಂಬ ದೊಡ್ಡ ಮಾತುಗಳು ಅದರಲ್ಲಿವೆ. ಆದರೆ ನನ್ನ ಮನಸ್ಸನ್ನು ಸೆಳೆದದ್ದು ಸಣ್ಣ ಮಾತುಗಳು. ರೋಗಿಗಳ ಊಟಕ್ಕೆ ಮಣ್ಣಿನ ಬಟ್ಟಲು, ಕುಡಿಯಲು ಗಾಜಿನ ಲೋಟ, ಊಟ ಮುಚ್ಚಿಡಲು ಗರಿಯಿಂದ ಹೆಣೆದ ಮುಚ್ಚಳ, ಬೇಸಿಗೆಯಲ್ಲಿ ಗಾಳಿ ಬೀಸಿಕೊಳ್ಳಲು ಗರಿಯ ಬೀಸಣಿಗೆ, ಇವುಗಳಿಗೆಲ್ಲ ವಕ್ಫ್‌ನ ಆದಾಯದಿಂದ ಖರ್ಚು ಮಾಡಬೇಕೆಂದು ಅದರಲ್ಲಿ ಬರೆದಿದೆ. ಪ್ರತಿ ರೋಗಿಯ ಊಟವನ್ನು ಅವನದೇ ಬಟ್ಟಲಲ್ಲಿ, ಮುಚ್ಚಿ, ಇನ್ನೊಬ್ಬನೊಂದಿಗೆ ಹಂಚದೆ ಕೊಡಬೇಕು. ಮನೆಯಲ್ಲೇ ಮಲಗಿರುವ ಬಡ ರೋಗಿಗೆ ಔಷಧಿ ಅಲ್ಲಿಗೇ ತಲುಪಬೇಕು. ತೀರಿಕೊಂಡವರ ಸ್ನಾನ, ಕಫನ್, ದಫನ್‌ಗಳ ವೆಚ್ಚವೂ ಅದರದೇ. ಕಾಯಿಲೆ ಬಿದ್ದವನಿಗೆ ಬೆವರುತ್ತದೆ, ಅವನಿಗೆ ಬೀಸಣಿಗೆ ಬೇಕು ಎಂಬುದನ್ನು ಕಾನೂನಿನ ಪತ್ರದಲ್ಲಿ ಬರೆದಿಟ್ಟವರು ರೋಗಿಯ ಹಾಸಿಗೆಯ ಬಳಿ ಕುಳಿತು ಬಲ್ಲವರೇ ಆಗಿರಬೇಕು.

ಹಾಗೆಂದು ಕಲಾವೂನ್‌ನನ್ನು ಸಂತನನ್ನಾಗಿಸುವುದು ಬೇಡ. ಆ ಜಾಗ ಅಯ್ಯೂಬಿ ರಾಜಕುಮಾರಿಯೊಬ್ಬಳ ಅರಮನೆ. ಅದನ್ನು ಅವಳಿಂದ ಬಿಡಿಸಿಕೊಂಡ ರೀತಿ ಸರಿಯಿರಲಿಲ್ಲ. ದಾರಿಹೋಕರನ್ನೂ ಹಿಡಿದು ಕಲ್ಲು ಹೊರಿಸಿ ಕೆಲವೇ ತಿಂಗಳುಗಳಲ್ಲಿ ಕಟ್ಟಡ ಮುಗಿಸಲಾಯಿತೆಂದು ಮಕ್ರೀಝಿ ಬರೆಯುತ್ತಾರೆ. ಈ ಕಾರಣದಿಂದ ಆ ಕಟ್ಟಡದಲ್ಲಿ ನಮಾಝ್ ಮಾಡಲು ಹಿಂಜರಿದ ಉಲಮಾಗಳೂ ಇದ್ದರು. ಅನ್ಯಾಯದ ಅಡಿಪಾಯದ ಮೇಲೆ ಪುಣ್ಯದ ಗೋಡೆ ನಿಲ್ಲುತ್ತದೆಯೇ ಎಂದು ಪ್ರಶ್ನಿಸುವ ಧೈರ್ಯ ಆ ಕಾಲದ ವಿದ್ವಾಂಸರಿಗಿತ್ತು. ದಾನಿಯ ಹೆಸರಿನ ಫಲಕ ದೊಡ್ಡದಾದಷ್ಟೂ ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡುವ ನಮಗೆ ಇದು ನೆನಪಿದ್ದರೆ ಒಳಿತು.

ಇಷ್ಟೆಲ್ಲ ಅರಬರ ನಾಡಿನ ಕಥೆಯಾಯಿತು. ಅದು ಅಲ್ಲಿಗೇ ನಿಲ್ಲಲಿಲ್ಲ, ನಮ್ಮ ಕಲಬುರಗಿಗೂ ಬೀದರಿಗೂ ಬಂತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಎರಡನೆಯ ಇಬ್ರಾಹೀಂ ಆದಿಲ್ ಶಾಹನ ಆಶ್ರಯದಲ್ಲಿ ಇತಿಹಾಸ ಬರೆದ ಫಿರಿಶ್ತಾ ಅದನ್ನು ದಾಖಲಿಸಿದ್ದಾರೆ. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಶಾಹ್ (1378-1397) ಯುದ್ಧಪ್ರಿಯನಾಗಿರಲಿಲ್ಲ. ಅವನು ಕಲಬುರಗಿ, ಬೀದರ್, ಕಂಧಾರ್, ಎಲಿಚ್‌ಪುರ, ದೌಲತಾಬಾದ್, ದಾಭೋಲ್ ಮುಂತಾದ ಪಟ್ಟಣಗಳಲ್ಲಿ ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು ಅವುಗಳ ನಿರ್ವಹಣೆಗೆ ಆದಾಯವನ್ನು ಗೊತ್ತುಪಡಿಸಿದ. (ಈ ಕಂಧಾರ್ ಅಫ್ಘಾನಿಸ್ತಾನದ್ದಲ್ಲ, ಮರಾಠವಾಡದ್ದು.) ತನ್ನ ರಾಜ್ಯದ ದೃಷ್ಟಿಹೀನರಿಗೆ ಮಾಸಾಶನ ಕೊಡಿಸಿದ. ಬರಗಾಲ ಬಂದಾಗ ಹತ್ತು ಸಾವಿರ ಎತ್ತುಗಳನ್ನು ತನ್ನ ಸ್ವಂತ ವೆಚ್ಚದಲ್ಲಿ ಮಾಲ್ವಾ ಮತ್ತು ಗುಜರಾತಿಗೆ ಓಡಾಡಿಸಿ ಧಾನ್ಯ ತರಿಸಿ ಅಗ್ಗದ ದರಕ್ಕೆ ಮಾರಿಸಿದನೆಂದು ಫಿರಿಶ್ತಾ ಹೇಳುತ್ತಾರೆ. ಹೇರೆತ್ತುಗಳ ಸಾಲು ದಖ್ಖನಿನ ದಾರಿಯಲ್ಲಿ ತಿಂಗಳುಗಟ್ಟಲೆ ಸಾಗಿದ್ದನ್ನು ಊಹಿಸಿಕೊಳ್ಳಬಹುದು.

ಅರ್ಧ ಶತಮಾನದ ಬಳಿಕ ರಾಜಧಾನಿ ಬೀದರಿಗೆ ಬಂದಿತ್ತು. ಅಲ್ಲಿ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾಹ್ (1436-1458) ಒಂದು ದಾರುಶ್ಶಿಫಾ ಕಟ್ಟಿಸಿದ. ರೋಗಿಗಳ ಔಷಧಿ ಮತ್ತು ಅನ್ನಪಾನಕ್ಕಾಗಿ ಹಳ್ಳಿಗಳ ಆದಾಯವನ್ನು ವಕ್ಫ್ ಮಾಡಿದ. ಮುಸ್ಲಿಮ್ ಹಕೀಮರೊಂದಿಗೆ ಹಿಂದೂ ವೈದ್ಯರನ್ನೂ ನೇಮಿಸಿದ. ಯೂನಾನಿ ಮತ್ತು ಆಯುರ್ವೇದ ಒಂದೇ ಸೂರಿನಡಿ ನಾಡಿ ಹಿಡಿದ ಆ ಮನೆ ಇಂದು ನಮಗೆ ಉಳಿದಿಲ್ಲ. ಬೀದರಿನಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾದ ಗೋಡೆಗಳಾದರೂ ನಿಂತಿವೆ. ಅಲ್ಲಿಯೂ ವಿದ್ಯಾರ್ಥಿಗಳಿಗೆ ವಸತಿ ಮತ್ತು ಊಟ ಉಚಿತವಾಗಿತ್ತು. ಪ್ರವಾಸಿಗರು ಅದರ ನೀಲಿ ಹೆಂಚುಗಳ ಚಿತ್ರ ತೆಗೆಯುತ್ತಾರೆ. ಒಳಗೆ ಉಂಡು ಓದಿದ ಬಡ ಹುಡುಗರ ನೆನಪು ಯಾರಿಗೂ ಬರುವುದಿಲ್ಲ.

ಉಳಿಯದೇ ಹೋದ ಬೀದರಿನ ದಾರುಶ್ಶಿಫಾದ ಪಕ್ಕದಲ್ಲಿ ಉಳಿದುಕೊಂಡ ಒಂದು ಅಡುಗೆಮನೆಯನ್ನು ಇಟ್ಟು ನೋಡಬೇಕು. ಅದು ಜೆರುಸಲೇಮಿನದು. ಉಸ್ಮಾನೀ ಸುಲ್ತಾನ ಸುಲೈಮಾನ್‌ನ ಪತ್ನಿ ಹುರ್ರಮ್ ಸುಲ್ತಾನ್ 1552ರಲ್ಲಿ ಅದನ್ನು ಸ್ಥಾಪಿಸಿದರು. ಆಕೆ ರಾಣಿಯಾಗಿ ಹುಟ್ಟಿದವರಲ್ಲ, ಸೆರೆಯಾಳಾಗಿ ಅರಮನೆಗೆ ಬಂದವರು. ಮಸೀದಿ, ಯಾತ್ರಿಕರ ಛತ್ರ, 55 ಕೋಣೆಗಳ ವಸತಿ ಮತ್ತು ಈ ಅಡುಗೆಮನೆ ಒಂದೇ ಆವರಣದಲ್ಲಿದ್ದವು. ರಮ್ಲಾ ಸುತ್ತಲಿನ ಹಳ್ಳಿಗಳ ಉತ್ಪತ್ತಿ, ಜೆರುಸಲೇಮಿನ ಒಂದು ಜೋಡಿ ಹಮ್ಮಾಮ್ ಮುಂತಾದ ಆಸ್ತಿಗಳನ್ನು ಅದಕ್ಕೆ ಬಿಟ್ಟುಕೊಡಲಾಗಿತ್ತು.

ಅದರ ವಕ್ಫ್‌ನಾಮೆಯಲ್ಲಿ ಅಡುಗೆಯ ವಿವರವೇ ಇದೆ. ದಿನಕ್ಕೆ ಎರಡು ಹೊತ್ತು. ಬೆಳಿಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿ ನುಚ್ಚಿನ ಗಂಜಿ, ಜೊತೆಗೆ ರೊಟ್ಟಿ. ಗಂಜಿಗೆ ಕಡಲೆ, ಈರುಳ್ಳಿ, ಕಾಲಕ್ಕೆ ತಕ್ಕ ತರಕಾರಿ. ಶುಕ್ರವಾರದ ಹಿಂದಿನ ರಾತ್ರಿ ಮತ್ತು ರಮಝಾನ್‌ನಲ್ಲಿ ಮಾಂಸದ ಅನ್ನ ಹಾಗೂ ಕೇಸರಿ ಹಾಕಿದ ಸಿಹಿ ಅನ್ನ. ಗೋಧಿ ಕುಟ್ಟುವವರಿಂದ ಪಾತ್ರೆ ತೊಳೆಯುವವರ ತನಕ ಪ್ರತಿಯೊಬ್ಬರ ಸಂಬಳವೂ ನಮೂದಾಗಿದೆ. ನೌಕರರು ಮತ್ತು ಕೋಣೆಗಳ ನಿವಾಸಿಗಳಲ್ಲದೆ 400 ಮಂದಿ ಬಡವರಿಗೆ ಊಟ. ಹಬ್ಬದ ಅಡುಗೆ ಬಡವನಿಗೂ ಬೇಕು, ಅವನ ನಾಲಿಗೆಗೂ ಕೇಸರಿಯ ರುಚಿ ಗೊತ್ತಾಗಬೇಕು ಎಂದು ಬರೆದಿಟ್ಟದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ನಾವು ರೇಷನ್ ಕಿಟ್ ತಯಾರಿಸುವಾಗ ಅಕ್ಕಿ, ಬೇಳೆ, ಎಣ್ಣೆಗೆ ನಿಲ್ಲಿಸುತ್ತೇವೆ. ಬಡವರ ಮಕ್ಕಳಿಗೆ ಸಿಹಿ ಅನಿವಾರ್ಯವಲ್ಲವೆಂದು ನಾವೇ ತೀರ್ಮಾನಿಸಿಬಿಡುತ್ತೇವೆ.

ಅಲ್ಲಿಯೂ ಎಲ್ಲವೂ ಸರಿಯಿರಲಿಲ್ಲ. ಬಡಿಸುವ ಸರದಿಯಲ್ಲಿ ಮೊದಲು ನೌಕರರು, ಬಳಿಕ ನಿವಾಸಿಗಳು, ಬಡವರು ಕೊನೆಗೆ. ಎಲ್ಲರ ಬಳಿಕ ಬಟ್ಟಲು ಮುಟ್ಟಿದ ಪ್ರವಾದಿವರ್ಯರ(ಸ) ಕ್ರಮಕ್ಕೆ ಇದು ಹೊಂದುವುದಿಲ್ಲ. ಆದರೂ ಸಾಮ್ರಾಜ್ಯ ಹೋಯಿತು, ಬ್ರಿಟಿಷರು ಬಂದು ಹೋದರು, ಗಡಿಗಳು ಬದಲಾದವು, ಒಲೆ ಉಳಿದುಕೊಂಡಿತು. ಹಳೆಯ ನಗರದ ಆ ಖಾಸ್ಕಿ ಸುಲ್ತಾನ್ ತಕಿಯ್ಯಾಕ್ಕೆ ಇಂದಿಗೂ ಫೆಲೆಸ್ತೀನಿನ ಬಡ ಕುಟುಂಬಗಳ ಮಕ್ಕಳು ಪಾತ್ರೆ ಹಿಡಿದು ಬರುತ್ತಾರೆ.

ಎಲ್ಲ ಕಡೆಯೂ ಒಲೆ ಹೀಗೆ ಉಳಿಯಲಿಲ್ಲವೇಕೆ? ಹೊರಗಿನವರು ಕಸಿದುಕೊಂಡರೆಂಬುದು ಅರ್ಧ ಉತ್ತರ ಮಾತ್ರ. ಇನ್ನರ್ಧವನ್ನು ಮಕ್ರೀಝಿಯೇ ಬರೆದಿದ್ದಾರೆ. ಹದಿನೈದನೆಯ ಶತಮಾನದ ಆರಂಭದ ಕೈರೋದಲ್ಲಿ ಜಮಾಲುದ್ದೀನ್ ಯೂಸುಫ್ ಎಂಬ ಪ್ರಬಲ ಅಧಿಕಾರಿಯಿದ್ದ. ಯಾವುದಾದರೂ ವಕ್ಫ್ ಕಟ್ಟಡದ ಮೇಲೆ ಅವನ ಕಣ್ಣು ಬಿದ್ದರೆ, ಅದು ನೆರೆಯವರಿಗೂ ದಾರಿಹೋಕರಿಗೂ ಅಪಾಯಕಾರಿಯಾಗಿದೆಯೆಂದು ಇಬ್ಬರು ಸಾಕ್ಷಿಗಳು ಬಂದು ಹೇಳುತ್ತಿದ್ದರು. ಕಾಝಿಯೊಬ್ಬರು ಅದನ್ನು ಒಪ್ಪಿ ಆಸ್ತಿ ಬದಲಾವಣೆಗೆ ತೀರ್ಪು ಕೊಡುತ್ತಿದ್ದರು. ಸಾಕ್ಷಿ, ತೀರ್ಪು, ಮೊಹರು ಎಲ್ಲವೂ ಶರೀಅತ್‌ನ ಹೆಸರಿನಲ್ಲೇ. ಅದನ್ನು ನೋಡಿ ಇತರರೂ ಅದೇ ದಾರಿ ಹಿಡಿದರು. ಮನ್ಸೂರಿ ಬೀಮಾರಿಸ್ತಾನ್ ಕೂಡ ಕ್ರಮೇಣ ಸೊರಗಿತು. 1798ರಲ್ಲಿ ನೆಪೋಲಿಯನ್ನನ ಸೇನೆಯೊಂದಿಗೆ ಬಂದ ಫ್ರೆಂಚ್ ವಿದ್ವಾಂಸರು ಕಂಡದ್ದು ಅದರ ದುಃಸ್ಥಿತಿಯನ್ನು. ಬೀಸಣಿಗೆ, ಗಾಜಿನ ಲೋಟಗಳ ಮಾತು ಕಾಗದದಲ್ಲಿತ್ತು, ವಾರ್ಡಿನಲ್ಲಿರಲಿಲ್ಲ.

ನಮ್ಮ ದೇಶದ ಲೆಕ್ಕ 2006ರ ಸಾಚಾರ್ ಸಮಿತಿಯ ವರದಿಯಲ್ಲಿದೆ. ದೇಶದಾದ್ಯಂತ ನೋಂದಾಯಿತವಾದ ವಕ್ಫ್‌ಗಳು 4.9 ಲಕ್ಷಕ್ಕೂ ಅಧಿಕ. ಒಟ್ಟು ವಿಸ್ತೀರ್ಣ ಸುಮಾರು 6 ಲಕ್ಷ ಎಕರೆ. ಮಾರುಕಟ್ಟೆ ಮೌಲ್ಯ ಸುಮಾರು 1.2 ಲಕ್ಷ ಕೋಟಿ ರೂಪಾಯಿ. ವಾರ್ಷಿಕ ಆದಾಯ ಮಾತ್ರ ಸುಮಾರು 163 ಕೋಟಿ. ಸರಿಯಾಗಿ ಬಳಸಿದರೆ, ಶೇಕಡಾ 10ರ ಲೆಕ್ಕದಲ್ಲಿ, ವರ್ಷಕ್ಕೆ ಸುಮಾರು 12,000 ಕೋಟಿ ದೊರೆಯಬೇಕಿತ್ತೆಂದು ಸಮಿತಿ ಅಂದಾಜಿಸಿತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟು ವಿಧವೆಯರ ಬಾಡಿಗೆ, ಎಷ್ಟು ಯತೀಮ್ ಮಕ್ಕಳ ಶಾಲಾಶುಲ್ಕ, ಎಷ್ಟು ಡಯಾಲಿಸಿಸ್‌ಗಳ ಖರ್ಚು ಹುದುಗಿದೆಯೆಂದು ಯಾರೂ ಲೆಕ್ಕ ಹಾಕಿಲ್ಲ. ಒತ್ತುವರಿ ಮಾಡಿದವರಲ್ಲಿ ಖಾಸಗಿಯವರೂ ಇದ್ದಾರೆ, ಸರಕಾರದ ಇಲಾಖೆಗಳೂ ಇವೆ. ಅದಕ್ಕಾಗಿ ಕಾನೂನಿನ ಹೋರಾಟ ನಡೆಯಲೇಬೇಕು. ಆದರೆ ನಮ್ಮದೇ ಕೈಯಲ್ಲಿರುವ ಅಂಗಡಿ ಮಳಿಗೆಗೆ ಮೂವತ್ತು ವರ್ಷಗಳ ಹಿಂದಿನ ಬಾಡಿಗೆಯನ್ನೇ ಕೊಡುತ್ತ ಕುಳಿತವನು ಹೊರಗಿನವನಲ್ಲ. ಅವನು ನಮ್ಮ ಮಸೀದಿಯ ಮೊದಲ ಸಫ್‌ನಲ್ಲೇ ನಿಲ್ಲುವವನಿರಬಹುದು. ಮಳಿಗೆಯ ನಿಜವಾದ ಬಾಡಿಗೆಗೂ ಅವನು ಕೊಡುವುದಕ್ಕೂ ಇರುವ ವ್ಯತ್ಯಾಸ ಯಾರದೋ ನಿಗದಿತ ಹಕ್ಕು.

ನಮ್ಮ ಹಲವು ಜಮಾಅತ್‌ಗಳ ಕಪಾಟುಗಳಲ್ಲಿ ಹಳೆಯ ವಕ್ಫ್‌ನಾಮೆಗಳು ಮಡಚಿಟ್ಟಲ್ಲೇ ಇವೆ. ಕೆಲವು ಉರ್ದುವಿನಲ್ಲಿ, ಕೆಲವು ಫಾರ್ಸಿಯಲ್ಲಿ. ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆ ತೋಟವನ್ನು, ಆ ಮಳಿಗೆಯನ್ನು ಬಿಟ್ಟುಹೋದವರು ಏನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು, ದೀಪದ ಎಣ್ಣೆಗೋ, ಇಫ್ತಾರ್‌ಗೋ, ಬಡ ಹೆಣ್ಣುಮಕ್ಕಳ ನಿಕಾಹ್‌ಗೋ ಎಂಬುದನ್ನು ಕನ್ನಡಕ್ಕೆ ತಂದು ಮಸೀದಿಯ ಫಲಕದಲ್ಲಿ ಹಾಕಲು ಹೆಚ್ಚು ಹಣ ಬೇಕಾಗದು. ಓದಿದ ಮಕ್ಕಳು ಈಗ ಎಲ್ಲ ಮನೆಗಳಲ್ಲಿದ್ದಾರೆ, ಉರ್ದು ಬಲ್ಲ ಅಜ್ಜಂದಿರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ.

ಫಲಕ ಹಾಕುವ ಸಮಿತಿಯಲ್ಲಿ ಯಾರಿರಬೇಕೆಂಬ ಪ್ರಶ್ನೆಯೂ ಬರುತ್ತದೆ. ಖೈಬರ್‌ನ ಆ ಭೂಮಿಯ ವಕ್ಫ್‌ನಾಮೆಯನ್ನು ಉಮರ್(ರ)ರು ಬರೆಸಿದಾಗ, ತಮ್ಮ ಬಳಿಕ ಅದನ್ನು ನೋಡಿಕೊಳ್ಳುವ ಹೊಣೆಯನ್ನು ಒಪ್ಪಿಸಿದ್ದು ತಮ್ಮ ಮಗಳು, ವಿಶ್ವಾಸಿಗಳ ಮಾತೆ ಹಫ್ಸಾ(ರ)ರಿಗೆ. ಅವರಿಗೆ ಅಬ್ದುಲ್ಲಾ(ರ)ರಂಥ ವಿದ್ವಾಂಸ ಪುತ್ರರೂ ಇದ್ದರು. ನಮ್ಮಲ್ಲಿ ವಿಧವೆಯರ ಪಟ್ಟಿ ತಯಾರಿಸುವ ಸಭೆಯಲ್ಲಿ ಸಾಮಾನ್ಯವಾಗಿ ಒಬ್ಬ ಮಹಿಳೆಯೂ ಇರುವುದಿಲ್ಲ. ಯಾವ ಮನೆಯಲ್ಲಿ ಮಗು ಎದೆಹಾಲಿಗಾಗಿ ಅಳುತ್ತಿದೆಯೆಂದು ಆ ಸಭೆಗೆ ಹೇಳುವವರು ಯಾರು?